ಪರದೆ ಹಂಚುವ ಮುನ್ನ



ನಮ್ಮ ಬಳಗದ ಸಭೆಗಳು 2020ರಲ್ಲಿ ಕೋವಿಡ್‌ನಿಂದಾಗಿ ಅಂತರ್ಜಾಲಕ್ಕೆ ಹೋದವು. ಆಮೇಲೆ ಪೂರ್ತಿಯಾಗಿ ಹಿಂದಿರುಗಲೇ ಇಲ್ಲ. ಅದರಿಂದ ಲಾಭವೂ ಆಗಿದೆ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಮಗೆ ಶನಿವಾರ ಸಂಜೆಯಾದರೆ ಊರಿನಲ್ಲಿರುವ ಅಪ್ಪ ಅಮ್ಮಂದಿರು ಭಾನುವಾರದ ಬೆಳಗಿನ ಕಾಫಿ ಹಿಡಿದು ಬಂದು ಕೂರುತ್ತಾರೆ. ಕುಮಾರವ್ಯಾಸ ಭಾರತದ ವಾಚನ ನಡೆಯುವಾಗ ಪದ್ಯವನ್ನು ಪರದೆಯ ಮೇಲೆ ತೋರಿಸುವುದು ನಮ್ಮಲ್ಲಿ ರೂಢಿ.

ಒಂದು ದಿನ ಹಾಗೆ ತೋರಿಸುತ್ತಿದ್ದ ಸದಸ್ಯರೊಬ್ಬರ ಪರದೆಯ ಮೂಲೆಯಲ್ಲಿ ಸಂದೇಶವೊಂದು ಮೂಡಿತು. ಊರಿನಿಂದ ಅವರ ತಮ್ಮ ಕಳಿಸಿದ್ದು. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ. ಅವರ ಕಣ್ಣು ಪದ್ಯದ ಮೇಲಿತ್ತು. ಅವರು ಓದುವ ಮೊದಲೇ ಸಭೆಯೆಲ್ಲ ಅದನ್ನು ಓದಿಬಿಟ್ಟಿತ್ತು! ಅವರ ತಾಯಿ ಈಗ ಮನೆಗೆ ಮರಳಿ ಆರಾಮವಾಗಿದ್ದಾರೆ. ಆದರೆ ಅಂದು ಅವರ ಮುಖ ನೋಡಿದ ಮೇಲೆ ಈ ನಾಲ್ಕು ಮಾತು ಬರೆಯಬೇಕೆನಿಸಿತು.

ಪರದೆ ಹಂಚುವ ಕಲ್ಪನೆ ಹೊಸದಲ್ಲ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದ ಸಮ್ಮೇಳನವೊಂದರಲ್ಲಿ ಡಗ್ಲಸ್ ಎಂಗೆಲ್ಬಾರ್ಟ್ ಇದನ್ನು ಮಾಡಿ ತೋರಿಸಿದ್ದರು. ಸುಮಾರು 30 ಮೈಲಿ ದೂರದ ಮೆನ್ಲೋ ಪಾರ್ಕಿನಲ್ಲಿದ್ದ ಸಹೋದ್ಯೋಗಿ ಮತ್ತು ಅವರು ಒಂದೇ ಬರಹದ ಮೇಲೆ ಕೆಲಸ ಮಾಡಿದರು.

ಇಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಒಂದೇ: ಪರದೆ ಹಂಚಿದಾಗ ನಮ್ಮ ಕಡತ ಹೋಗುವುದಿಲ್ಲ, ಅದರ ಚಿತ್ರ ಹೋಗುತ್ತದೆ. ಗಣಕವು ಪರದೆಯ ಚಿತ್ರವನ್ನು ಮತ್ತೆ ಮತ್ತೆ ತೆಗೆದು, ಬದಲಾದಷ್ಟನ್ನು ಕುಗ್ಗಿಸಿ ಕಳಿಸುತ್ತದೆ. ಇದರಿಂದ ನಮಗೊಂದು ಅನುಕೂಲವಿದೆ. ಯೂನಿಕೋಡ್‌ಗೆ ಮುಂಚಿನ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಹಳೆಯ ಲೇಖನ ನಮ್ಮಲ್ಲಿ ಸರಿಯಾಗಿ ಕಂಡರೆ ಸಾಕು, ಎಲ್ಲರಿಗೂ ಸರಿಯಾಗಿಯೇ ಕಾಣುತ್ತದೆ. ಅವರಲ್ಲಿ ಆ ಅಕ್ಷರಶೈಲಿ ಇರಬೇಕಾಗಿಲ್ಲ.

ತೊಡಕೂ ಅಲ್ಲೇ ಇದೆ. ಇಡೀ ಪರದೆಯನ್ನು ಹಂಚಿದರೆ ಅದರ ಮೇಲೆ ಬಂದದ್ದೆಲ್ಲ ಚಿತ್ರವಾಗಿ ಹೋಗುತ್ತದೆ. ಆದ್ದರಿಂದ ಜೂಮ್‌ನಲ್ಲಿ ಶೇರ್ ಗುಂಡಿ ಒತ್ತಿದಾಗ ಮೊದಲು ಕಾಣುವ 'ಸ್ಕ್ರೀನ್' ಬಿಟ್ಟು, ಪದ್ಯವಿರುವ ಕಿಟಕಿಯನ್ನಷ್ಟೇ ಆರಿಸಿಕೊಳ್ಳಿ. ಗೂಗಲ್ ಮೀಟ್‌ನಲ್ಲಾದರೆ ಬ್ರೌಸರಿನ ಒಂದು ಟ್ಯಾಬನ್ನು ಮಾತ್ರ ಹಂಚಿ. ಜೊತೆಗೆ 'ಡು ನಾಟ್ ಡಿಸ್ಟರ್ಬ್' ಹಾಕಿಕೊಂಡರೆ ಇನ್ನೂ ಒಳ್ಳೆಯದು. ಫೋನಿನಿಂದ ಹಂಚುವವರಿಗಂತೂ ಇದು ಬೇಕೇ ಬೇಕು; ಅಲ್ಲಿ ಸಾಮಾನ್ಯವಾಗಿ ಇಡೀ ಪರದೆಯೇ ಹೋಗುತ್ತದೆ.

ಎರಡನೆಯದು ಅಕ್ಷರದ ಗಾತ್ರ. ನಮ್ಮ ದೊಡ್ಡ ಪರದೆಯ ಚಿತ್ರ ಊರಿನಲ್ಲಿ ಅಂಗೈಯಗಲದ ಫೋನಿಗೆ ಇಳಿಯುತ್ತದೆ. ಇಂಗ್ಲಿಷ್ ಅಕ್ಷರ ಅಷ್ಟಕ್ಕೂ ತಡೆದುಕೊಂಡೀತು. ಕನ್ನಡದ ಒತ್ತಕ್ಷರ ಮೊದಲೇ ಚಿಕ್ಕದು, ಕುಗ್ಗಿದಾಗ ಮಸಿಯ ಚುಕ್ಕೆಯಾಗುತ್ತದೆ. ಹಿರಿಯರೊಬ್ಬರು ಒಂದು ಗಂಟೆ ಮಾತಿಲ್ಲದೆ ಕೂತಿದ್ದರು. ಕೊನೆಗೆ ವಿಚಾರಿಸಿದರೆ, "ಅಕ್ಷರವೇ ಕಾಣಲಿಲ್ಲಪ್ಪ, ಮಧ್ಯೆ ನಿಲ್ಲಿಸಿ ನಿಮಗ್ಯಾಕೆ ತೊಂದರೆ ಕೊಡಲಿ ಅಂತ ಸುಮ್ಮನಿದ್ದೆ" ಎಂದರು. ನಮಗೆ ನಾಚಿಕೆಯಾಯಿತು. ಈಗ ಒಂದು ಪುಟಕ್ಕೆ ಒಂದೇ ಪದ್ಯ. ಭಾಮಿನಿ ಷಟ್ಪದಿಯ ಆರು ಸಾಲು ದೊಡ್ಡ ಅಕ್ಷರದಲ್ಲಿ ಪರದೆಗೆ ಅಚ್ಚುಕಟ್ಟಾಗಿ ಕೂರುತ್ತದೆ. ಪುಟವನ್ನು ಜಾರಿಸುತ್ತಾ ಹೋಗಬೇಡಿ. ಚಿತ್ರ ಓಡುವಾಗ ಅಕ್ಷರ ಮಸುಕಾಗುತ್ತದೆ. ಸಭೆಯನ್ನು ಫೋನಿನಲ್ಲಿ ಇನ್ನೊಮ್ಮೆ ತೆರೆದು ಪಕ್ಕದಲ್ಲಿಟ್ಟುಕೊಂಡರೆ (ದನಿ ಮುಚ್ಚಿ!) ಬೇರೆಯವರಿಗೆ ಏನು ಕಾಣುತ್ತಿದೆಯೆಂಬುದು ತಿಳಿಯುತ್ತದೆ.

ಮೂರನೆಯದು ದನಿ. ಗಮಕದ ಧ್ವನಿಮುದ್ರಣ ಕೇಳಿಸುವುದಿದ್ದರೆ ಜೂಮ್‌ನಲ್ಲಿ 'ಶೇರ್ ಸೌಂಡ್' ಎಂಬುದಕ್ಕೆ ಗುರುತು ಹಾಕಿ. ಮರೆತರೆ ಹಾಡು ನಿಮ್ಮ ಸ್ಪೀಕರಿನಿಂದ ಮೈಕಿಗೆ ಹೋಗಿ, ಬಾವಿಯೊಳಗಿನಿಂದ ಬಂದಂತೆ ಕೇಳುತ್ತದೆ. ಇಲ್ಲವೇ ಕೇಳುವುದೇ ಇಲ್ಲ.

ಕೆಲಸ ಮುಗಿದೊಡನೆ 'ಸ್ಟಾಪ್ ಶೇರ್' ಒತ್ತಿ. ಚರ್ಚೆಯ ಹೊತ್ತಿಗೆ ಪದ್ಯ ಸರಿದು ಮುಖಗಳು ದೊಡ್ಡದಾಗಿ ಕಾಣಲಿ. ಇಷ್ಟು ದೂರದಿಂದ ನಾವು ಕೂಡುವುದು ಅದಕ್ಕೂ ತಾನೆ?

ಮುಂದಿನ ವಾಚನದಲ್ಲಿ ಸಿಗೋಣ. ಅಕ್ಷರ ಕಾಣದಿದ್ದರೆ ದಯವಿಟ್ಟು ಸಂಕೋಚವಿಲ್ಲದೆ ಹೇಳಿ.