ಹೃದಯವನ್ನು ಕಾಣುವ ಬಗೆ

ಉಕ್ಕಿನ ಗಟ್ಟಿಯೊಂದು ಹೊರಗೆ ನುಣುಪಾಗಿ ಕಂಡರೂ ಅದರೊಳಗೆ ಬಿರುಕು ಅಡಗಿರಬಹುದು. ಕತ್ತರಿಸಿ ನೋಡಿದರೆ ಗಟ್ಟಿಯೇ ಹಾಳಾಗುತ್ತದೆ. ಆದುದರಿಂದ ಮನುಷ್ಯನ ಕಿವಿಗೆ ಕೇಳಿಸದ ಧ್ವನಿಯ ಅಲೆಗಳನ್ನು ಲೋಹದೊಳಕ್ಕೆ ಕಳುಹಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಬಿರುಕನ್ನು ಗುರುತಿಸುವರು. 1923ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾದ ಭದ್ರಾವತಿಯಲ್ಲಿ ಲೋಹದ ಗುಣದೋಷಗಳ ಮಾತು ಹೊಸದಲ್ಲ. ಆದರೆ ಲೋಹವನ್ನು ಪರೀಕ್ಷಿಸುವ ಉಪಕರಣವೇ ಮಾನವನ ಹೃದಯವನ್ನು ಪರೀಕ್ಷಿಸಲು ದಾರಿ ತೋರಿತೆಂಬುದು ಹಲವರಿಗೆ ತಿಳಿಯದು.

ಸ್ವೀಡನ್ ದೇಶದ ಲುಂಡ್ ನಗರದಲ್ಲಿ ಇಂಗೆ ಎಡ್ಲರ್ ಎಂಬ ಹೃದ್ರೋಗ ವೈದ್ಯರೂ ಹೆಲ್ಮುಟ್ ಹೆರ್ಟ್ಸ್ ಎಂಬ ಭೌತವಿಜ್ಞಾನಿಯೂ ಇದ್ದರು. 1953ರಲ್ಲಿ ಹೆರ್ಟ್ಸ್ ಅವರು ಸಮೀಪದ ಮಾಲ್ಮೊ ನಗರದ ಹಡಗುಕಟ್ಟೆಯಿಂದ ಲೋಹಪರೀಕ್ಷೆಯ ಉಪಕರಣವನ್ನು ಎರವಲು ಪಡೆದು, ಅದರ ಅಲೆಗಳನ್ನು ತಮ್ಮ ಎದೆಯ ಮೇಲೆಯೇ ಪ್ರಯೋಗಿಸಿ ನೋಡಿದರು. ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಇಬ್ಬರೂ ಸೇರಿ ಬಡಿಯುತ್ತಿರುವ ಹೃದಯದ ಚಲನೆಯನ್ನು ದಾಖಲಿಸಿದರು. ಇಂದು ಜನರು ‘ಇಕೋ’ ಎಂದು ಕರೆಯುವ ಪರೀಕ್ಷೆಯ ಮೂಲ ಇದು. ಇದರಲ್ಲಿ ನೋವಿಲ್ಲ, ಕ್ಷಕಿರಣಗಳ ಬಳಕೆಯೂ ಇಲ್ಲ.

ಈ ಪರೀಕ್ಷೆಯ ಅಗತ್ಯ ಹೆಚ್ಚಾಗಿ ಕಂಡುಬರುವುದು ಹೃದಯ ವೈಫಲ್ಯದಲ್ಲಿ. ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದೆಂದು ಅರ್ಥವಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಸರಾಗವಾಗಿ ಒದಗಿಸುವ ಶಕ್ತಿ ಅದಕ್ಕೆ ಕುಗ್ಗಿದೆ ಎಂದು ಅರ್ಥ. ಆಗ ನೀರು ದೇಹದಲ್ಲಿ ತಂಗುತ್ತದೆ. ಕಾಲು ಬಾವುತ್ತದೆ, ನಡೆದರೆ ಏದುಸಿರು ಬರುತ್ತದೆ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ.

ಭದ್ರಾವತಿಯ ನಿವೃತ್ತ ಕಾರ್ಮಿಕನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಅವನಿಗೆ ಬಹುಕಾಲದಿಂದ ಮಧುಮೇಹವಿದೆ, ರಕ್ತದೊತ್ತಡವೂ ಹೆಚ್ಚು. ಬೀಡಿ ಸೇದಿ ಶ್ವಾಸಕೋಶಗಳು ಕೆಟ್ಟಿವೆ. ಈಗ ಮೆಟ್ಟಿಲು ಹತ್ತಿದರೆ ಉಸಿರು ಸಾಲದು, ಸಂಜೆಗೆ ಪಾದಗಳು ಬಾವುತ್ತವೆ. ಮನೆಯವರು “ವಯಸ್ಸಾಯಿತು” ಎಂದು ಸುಮ್ಮನಾಗುವರು. ಆದರೆ ಏದುಸಿರು ಶ್ವಾಸಕೋಶದಿಂದಲೂ ಬರಬಹುದು, ರಕ್ತಹೀನತೆಯಿಂದಲೂ ಬರಬಹುದು. ಬಾವು ಮೂತ್ರಪಿಂಡದ ದೋಷದಿಂದಲೂ ಉಂಟಾಗಬಹುದು. ಇವುಗಳಲ್ಲಿ ಹೃದಯದ ಪಾಲೆಷ್ಟು? ತಪ್ಪು ತಿಳಿದರೆ ತಪ್ಪು ಔಷಧ, ಅಮೂಲ್ಯವಾದ ಕಾಲದ ನಷ್ಟ. ಅವನು ಸುಮಾರು 20 ಕಿಲೋಮೀಟರು ದೂರದ ಶಿವಮೊಗ್ಗಕ್ಕೆ ಹೋಗಿ ಹೃದ್ರೋಗ ತಜ್ಞರನ್ನು ಕಂಡಾಗ, ಈ ಪ್ರಶ್ನೆಗೆ ಉತ್ತರ ಹುಡುಕಲೆಂದೇ ಅವರು ಇಕೋ ಪರೀಕ್ಷೆ ಮಾಡುವರು.

ಪರದೆಯ ಮೇಲೆ ಹೃದಯದ ನಾಲ್ಕು ಕೋಣೆಗಳು, ಅವುಗಳ ಗೋಡೆಗಳು, ತೆರೆದು ಮುಚ್ಚುವ ಕವಾಟಗಳು ಕಾಣುತ್ತವೆ. ಎಡ ಕೆಳಕೋಣೆಯಲ್ಲಿ 120 ಮಿಲಿಲೀಟರು ರಕ್ತ ತುಂಬಿ, ಒಂದು ಬಡಿತಕ್ಕೆ 72 ಮಿಲಿಲೀಟರು ಹೊರಬಿದ್ದರೆ, ಹೊರಬಿದ್ದ ಪಾಲು ಶೇಕಡ 60. ಇದು ಸಹಜವಾದುದು. ಶೇಕಡ 40 ಅಥವಾ ಅದಕ್ಕಿಂತ ಕಡಿಮೆಯಾದರೆ ಹೃದಯದ ಸ್ನಾಯು ದುರ್ಬಲವಾಗಿದೆಯೆಂದು ತಿಳಿಯುವರು.

ಆದರೆ ಈ ಒಂದು ಅಂಕೆಯನ್ನೇ ನಂಬಿ ನಿಶ್ಚಿಂತರಾಗುವಂತಿಲ್ಲ. ಬಹುಕಾಲದ ರಕ್ತದೊತ್ತಡದಿಂದ ಹೃದಯದ ಗೋಡೆ ದಪ್ಪವಾಗಿ, ಮಧುಮೇಹದಿಂದ ಬಿಗಿಯಾಗಿ, ಸಡಿಲಗೊಂಡು ರಕ್ತವನ್ನು ತುಂಬಿಕೊಳ್ಳುವ ಗುಣ ಕುಂದಬಹುದು. ಆಗ ಹೊರಬೀಳುವ ಪಾಲು ಶೇಕಡ 50ಕ್ಕಿಂತ ಹೆಚ್ಚಿದ್ದರೂ ಹೃದಯ ವೈಫಲ್ಯ ಇರಬಲ್ಲದು. ಆದುದರಿಂದ ವೈದ್ಯರು ಗೋಡೆಯ ದಪ್ಪವನ್ನೂ ರಕ್ತದ ಹರಿವಿನ ವೇಗವನ್ನೂ ಅಳೆಯುವರು. ಹಳೆಯ ಶ್ವಾಸಕೋಶದ ರೋಗವಿದ್ದರೆ ಹೃದಯದ ಬಲಭಾಗದ ಮೇಲೆ ಬಿದ್ದಿರುವ ಹೊರೆಯನ್ನು ಗಮನಿಸುವರು.

ಈ ಪರೀಕ್ಷೆಗೂ ಮಿತಿಯುಂಟು. ಈ ಪರೀಕ್ಷೆಯಲ್ಲಿ ಬಳಸುವ ಅಲೆಗಳು ಗಾಳಿಯನ್ನು ಸರಿಯಾಗಿ ದಾಟಲಾರವು; ಗಾಳಿ ತುಂಬಿ ಹಿಗ್ಗಿದ ಶ್ವಾಸಕೋಶ ಅಡ್ಡ ಬಂದರೆ ಚಿತ್ರ ಮಸುಕಾಗುತ್ತದೆ. ಆಗ ಕಾಂತಕ್ಷೇತ್ರದ ನೆರವಿನಿಂದ ಚಿತ್ರ ತೆಗೆಯುವ ಎಂ.ಆರ್.ಐ. ಬೇಕಾಗಬಹುದು. ಚಿತ್ರ ಸ್ಪಷ್ಟವಾಗಲೆಂದು ರಕ್ತನಾಳಕ್ಕೆ ಕೊಡುವ ಕೆಲವು ದ್ರವ್ಯಗಳನ್ನು ಮೂತ್ರಪಿಂಡ ದುರ್ಬಲವಾಗಿರುವವರಿಗೆ ಬಹು ಎಚ್ಚರದಿಂದ ಬಳಸಬೇಕು. ರಕ್ತಹೀನತೆಯನ್ನಾಗಲಿ ಮಧುಮೇಹವನ್ನಾಗಲಿ ಯಾವ ಚಿತ್ರವೂ ಅಳೆದು ಹೇಳದು; ಅದಕ್ಕೆ ರಕ್ತಪರೀಕ್ಷೆಯೇ ಆಗಬೇಕು.

ಹೀಗೆ ಎಲ್ಲವನ್ನೂ ಕೂಡಿಸಿ ನೋಡಿದಾಗ ಚಿಕಿತ್ಸೆಯ ದಾರಿ ತಿಳಿಯಾಗುತ್ತದೆ. ಮಧುಮೇಹಕ್ಕೆಂದು ರೂಪಿಸಿದ ಕೆಲವು ಔಷಧಗಳು ಹೃದಯ ವೈಫಲ್ಯದಲ್ಲಿಯೂ ಮೂತ್ರಪಿಂಡದ ರಕ್ಷಣೆಯಲ್ಲಿಯೂ ನೆರವಾಗುವುದೆಂದು ಈಚಿನ ಸಂಶೋಧನೆಗಳು ತೋರಿಸಿವೆ. ಒಂದು ಅಂಗಕ್ಕೆ ಒದಗಿದ ಕೇಡು ಮತ್ತೊಂದನ್ನು ಬಾಧಿಸುವಂತೆಯೇ, ಒಂದಕ್ಕೆ ಮಾಡಿದ ಉಪಚಾರ ಮತ್ತೊಂದಕ್ಕೂ ಹಿತವಾಗಬಲ್ಲದು.

ಯಂತ್ರ ಹೃದಯವನ್ನು ತೋರಿಸುತ್ತದೆ; ರೋಗಿಯನ್ನು ನೋಡಬೇಕಾದವರು ಮನುಷ್ಯರು. ಅಜ್ಜ ಒಂದು ದಿಂಬಿನ ಬದಲು ಎರಡು ದಿಂಬು ಕೇಳುವುದನ್ನು, ಅಜ್ಜಿಯ ಕಾಲಿನಲ್ಲಿ ಬೆರಳೊತ್ತಿದರೆ ಗುಳಿ ಉಳಿಯುವುದನ್ನು ಮೊದಲು ಕಾಣುವವರು ಮನೆಯ ಮಕ್ಕಳೇ. ಅದನ್ನು ಮುಪ್ಪೆಂದು ತಳ್ಳಿಹಾಕದೆ ಹಿರಿಯರಿಗೆ ತಿಳಿಸಿ, ಹಳೆಯ ಔಷಧದ ಚೀಟಿಗಳನ್ನೆಲ್ಲ ಜೋಡಿಸಿ ವೈದ್ಯರ ಬಳಿಗೆ ಕಳುಹಿಸುವುದು ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೂ ಸಾಧ್ಯವಾದ ಸೇವೆ.