ಪಾಸ್‌ಬುಕ್ಕೂ ಅಂಚೆಯ ಗಣಕಯಂತ್ರವೂ

2024ನೆಯ ಇಸವಿ ಜುಲೈ 30ರಂದು ನಮ್ಮ ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳಲ್ಲಿ ಗುಡ್ಡ ಜರಿದಾಗ ಮನೆಗಳೊಡನೆ ಕಾಗದಪತ್ರಗಳೂ ಕೊಚ್ಚಿಹೋದುವು. ಪಾಸ್‌ಬುಕ್ಕು ಹೋದರೆ ಅಂಚೆಯಲ್ಲಿಟ್ಟ ಹಣವೂ ಹೋದಂತೆಯೇ ಎಂದು ಕೆಲವು ಪೋಷಕರು ನಮ್ಮನ್ನು ಕೇಳಿದ್ದುಂಟು. ಹಾಗಲ್ಲ.

ಹಿಂದೆ ಲೆಕ್ಕವೆಲ್ಲ ಲೆಡ್ಜರಿನಲ್ಲಿರುತ್ತಿತ್ತು. ಅನಂತರ ‘ಮೇಘದೂತ’ವೆಂಬ ತಂತ್ರಾಂಶವು ಬಂದಿತು; ಮೈಸೂರಿನ ಅಂಚೆ ತರಬೇತಿ ಕೇಂದ್ರದಲ್ಲಿ ಇಲಾಖೆಯವರೇ ರಚಿಸಿದುದು. ಹೆಸರಿಟ್ಟವರು ಕಾಳಿದಾಸನನ್ನು ಬಲ್ಲವರೇ ಸರಿ! ಉಳಿತಾಯ ಖಾತೆಗಳಿಗೆ ‘ಸಂಚಯ ಪೋಸ್ಟ್’ ಎಂಬುದಿತ್ತು. ಆದರೆ ಆಗ ಲೆಕ್ಕವು ಆಯಾ ಕಚೇರಿಯ ಯಂತ್ರದಲ್ಲಿಯೇ ಉಳಿಯುತ್ತಿತ್ತು. ದಿನದ ಕೊನೆಯಲ್ಲಿ ಅದರ ಪ್ರತಿಯನ್ನು ತೆಗೆದು ಬೇರೆಡೆ ಇರಿಸುವುದು ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಎಂಬ ನೌಕರರ ಹೊಣೆ. ಅದನ್ನು ಮರೆತ ದಿನವೇ ಯಂತ್ರ ಕೆಟ್ಟಿತೆಂದರೆ, ಅಂದಿನ ಜಮೆಗಳನ್ನೆಲ್ಲ ವೋಚರುಗಳನ್ನು ನೋಡಿ ಮತ್ತೆ ತುಂಬಬೇಕು. ಅಂಚೆಯಣ್ಣನನ್ನು ಊರೆಲ್ಲ ಬಲ್ಲುದು. ಇವರನ್ನು ಬಲ್ಲವರು ವಿರಳ.

2013ರ ಕೊನೆಯಿಂದ ಹಂತಹಂತವಾಗಿ ಕೋರ್ ಬ್ಯಾಂಕಿಂಗ್ ಪದ್ಧತಿಯು ಬಂದಿತು. ಕಲ್ಪೆಟ್ಟದಲ್ಲಿ ಕಟ್ಟಿದ ಹಣವು ಒಡನೆಯೇ ದೂರದ ಕೇಂದ್ರ ಯಂತ್ರದಲ್ಲಿ ದಾಖಲಾಗತೊಡಗಿತು. ಅದಕ್ಕಾಗಿ ನವಿ ಮುಂಬಯಿಯಲ್ಲಿ ಒಂದು ಕೇಂದ್ರವನ್ನೂ, ವಿಪತ್ಕಾಲಕ್ಕೆಂದು ಮೈಸೂರಿನಲ್ಲಿ ಇನ್ನೊಂದನ್ನೂ ಸ್ಥಾಪಿಸಲಾಯಿತು. ಎರಡು ಊರುಗಳು ಒಮ್ಮೆಗೇ ಕೆಡಲಾರವೆಂಬುದೇ ಇದರ ತತ್ತ್ವ.

ಆದುದರಿಂದ ಪಾಸ್‌ಬುಕ್ಕು ಕಳೆದವರು ಗುರುತಿನ ಚೀಟಿಯೊಡನೆ ಅರ್ಜಿ ಸಲ್ಲಿಸಿದರೆ ನಕಲು ಪಾಸ್‌ಬುಕ್ಕು ದೊರೆಯುವುದು. ಖಾತೆಯ ಸಂಖ್ಯೆ ತಿಳಿದಿದ್ದರೆ ಕೆಲಸ ಸುಲಭ. ಅದನ್ನು ಬರೆದು ಬೇರೂರಿನ ನಂಬಿಕೆಯ ಬಂಧುಗಳಲ್ಲಿಯೂ ಒಂದು ಪ್ರತಿ ಇರಿಸಿರಿ.