ಗುರಿಹಾಳೆಗೊಂದು ಅಗ್ಗದ ಸ್ಟ್ಯಾಂಡು

10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಗುರಿಹಾಳೆ 80 ಮಿಲಿಮೀಟರ್ ಚೌಕದ್ದು. ನಟ್ಟನಡುವಿನ ಹತ್ತರ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಅದಕ್ಕೆ ಹೊಡೆಯುವ ಪೆಲೆಟ್ಟೇ 4.5 ಮಿಲಿಮೀಟರ್ ದಪ್ಪ! 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಈ ಸ್ಪರ್ಧೆಯಲ್ಲೇ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವವರಿಗೆ ಎತ್ತರದ ಮರವೇ ಸ್ಟ್ಯಾಂಡು. ಹಾಳೆಯ ಗುರಿಗೆ ಅಷ್ಟು ಸಾಲದು. ಗಾಳಿಗೆ ಹಾಳೆ ಅಲುಗಿದರೆ ತಪ್ಪಿದ್ದು ಕೈಯೋ ಹಾಳೆಯೋ ತಿಳಿಯುವುದೇ ಇಲ್ಲ.

ಕಬ್ಬಿಣದ ಸ್ಟ್ಯಾಂಡು ಗಟ್ಟಿ, ನಿಜ. ಆದರೆ ಅದಕ್ಕೆ ತಗುಲಿದ ಪೆಲೆಟ್ಟು ಹೊಡೆದವನ ಕಡೆಗೇ ಚಿಮ್ಮಬಹುದು. ಪಿವಿಸಿ ಪೈಪು, ಮರದ ರೀಪು, ರಟ್ಟು ಇವಿಷ್ಟೇ ನಮಗೆ ಸಾಕು. ಏಟು ಬೀಳುವ ಜಾಗದಲ್ಲಿ ಅಗ್ಗದ್ದೇ ಇರಲಿ; ಹಾಳಾದರೆ ಬಿಸಾಡಿ ಬೇರೆ ಹಾಕಬಹುದು.

40 ಮಿಲಿಮೀಟರಿನ ನೀರಿನ ಪೈಪು ಎರಡು ಮೀಟರು, ನಾಲ್ಕು ಟೀ, ನಾಲ್ಕು ಎಂಡ್ ಕ್ಯಾಪ್ ತನ್ನಿ. ಪೈಪಿನಲ್ಲಿ 30 ಸೆಂಟಿಮೀಟರಿನ ನಾಲ್ಕು, 10 ಸೆಂಟಿಮೀಟರಿನ ಎರಡು, 45 ಸೆಂಟಿಮೀಟರಿನ ಒಂದು ತುಂಡು ಕತ್ತರಿಸಿ. ಒಂದು ಟೀಯ ಎರಡೂ ಬದಿಗೆ 30ರ ತುಂಡು ಹಾಕಿದರೆ ಹಿಂದುಮುಂದಕ್ಕೆ ಚಾಚಿದ ಒಂದು ಪಾದ ಆಯಿತು. ಇನ್ನೊಂದೂ ಹಾಗೆಯೇ. ಪಾದದ ನಡುವೆ ಮೇಲ್ಮುಖವಾದ ಬಾಯಿಗೆ 10ರ ತುಂಡು, ಅದರ ತಲೆಗೆ ಮತ್ತೊಂದು ಟೀ. ಅದರ ಅಡ್ಡಬಾಯಿ ಒಳಮುಖವಾಗಿರಲಿ. ಎರಡು ಅಡ್ಡಬಾಯಿಗಳನ್ನು 45ರ ತುಂಡು ಕೂಡಿಸುತ್ತದೆ. ಪಾದಗಳಿಗೆ ಒಣಮರಳು ತುಂಬಿ ಕ್ಯಾಪ್ ಬಿಗಿದರೆ ಗಾಳಿಗೆ ಮಗುಚುವುದಿಲ್ಲ. ಕೀಲುಗಳಿಗೆ ಸಲ್ಯೂಷನ್ ಹಚ್ಚಬೇಡಿ. ಹಚ್ಚಿದರೆ ಬಿಚ್ಚಿ ಚೀಲಕ್ಕೆ ಹಾಕಿ ಒಯ್ಯುವ ಸುಖವೇ ಹೋಯಿತು.

ಮೇಲೆ ತೆರೆದಿರುವ ಎರಡು ಬಾಯಿಗಳಿಗೆ ಐದಡಿಯ, ಒಂದಿಂಚು ಚೌಕದ ರೀಪು ಇಳಿಸಿ. ತುಸು ಸಡಿಲವಾಗಿ ಕೂರುತ್ತದೆ. ಮರದ ಚಕ್ಕೆಯ ಬೆಣೆ ಹೊಡೆದರೆ ನೆಟ್ಟಗೆ ನಿಲ್ಲುತ್ತದೆ. ರೀಪುಗಳಿಗೆ ಹಳೆಯ ಪೆಟ್ಟಿಗೆಯ ಎರಡಡಿ ಅಗಲದ ರಟ್ಟನ್ನು ಕ್ಲಿಪ್ಪಿನಿಂದ ಕಚ್ಚಿಸಿ, ಅದರ ಮೇಲೆ ಹಾಳೆ ಅಂಟಿಸಿ. ಹಾಳೆಯ ನಡುಬಿಂದು ನೆಲದಿಂದ 1.40 ಮೀಟರಿಗೆ ಬರಬೇಕು. ಸ್ಪರ್ಧೆಯ ನಿಯಮ 5 ಸೆಂಟಿಮೀಟರ್ ಆಚೀಚೆಗಷ್ಟೇ ಅವಕಾಶ ಕೊಡುತ್ತದೆ, ಆದ್ದರಿಂದ ಕಣ್ಣಂದಾಜು ಬೇಡ, ಟೇಪು ಹಿಡಿಯಿರಿ. ಬರೀ ಕೈಚಳಕಕ್ಕೆ ಅಭ್ಯಾಸ ಮಾಡುವವರಿಗೂ ಈ ಎತ್ತರವೇ ಒಳ್ಳೆಯದು: ನಿಂತು ಹೊಡೆಯುವ ಭಂಗಿ ಅದಕ್ಕೇ ಒಗ್ಗುತ್ತದೆ.

ರಟ್ಟು ಪೆಲೆಟ್ಟನ್ನು ತಡೆಯುವುದಿಲ್ಲ. ಸ್ಟ್ಯಾಂಡಿನ ಕೆಲಸ ಹಾಳೆ ಹಿಡಿಯುವುದು, ಅಷ್ಟೇ. ಆದ್ದರಿಂದ ಇದನ್ನು ನಿಲ್ಲಿಸುವುದು ರೇಂಜಿನ ಮಣ್ಣಿನ ದಿಬ್ಬದ ಮುಂದೆ, ಅದೂ ರೇಂಜಿನವರು ಒಪ್ಪಿದ ಮೇಲೆ. ಮನೆಯ ಕಾಂಪೌಂಡ್ ಗೋಡೆಯ ಮುಂದೆ ಅಲ್ಲ; ಗೋಡೆಯಿಂದಲೂ ಪೆಲೆಟ್ಟು ಪುಟಿಯುತ್ತದೆ. ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲೇಬೇಕು. ಪೆಲೆಟ್ಟು ಸೀಸದ್ದು, ಸೀಸ ವಿಷ. ಆಟ ಮುಗಿದ ಮೇಲೆ ಕೈಯನ್ನು ಸೋಪಿನಿಂದ ತೊಳೆದೇ ಬುತ್ತಿ ಬಿಚ್ಚಿ.